ಬಾಯಾರು ಕಟ್ಟಿದ ಜೋಲಿ

ಡಾಕ್ಟರ್ ಬಾಯಾರ ಬಲಗೈ ತೋರುಬೆರಳು ತುದಿಯಲ್ಲಿ ಸೊಟ್ಟಗಿತ್ತು. ಮಾನ್ವಿಯಲ್ಲಿ ಅವರ ಅಪ್ಪನದು ಅಕ್ಕಿ ಗಿರಣಿ. ಸಣ್ಣವರಿದ್ದಾಗ ಯಂತ್ರದ ಬೆಲ್ಟಿಗೆ ಬೆರಳು ಸಿಕ್ಕಿತ್ತಂತೆ. ಆ ಬೆರಳಿನಲ್ಲಿ ಅವರು ಹೊಲಿಗೆ ಹಾಕುವುದನ್ನು ನೋಡಿದರೆ ನೆಟ್ಟಗಿನ ಬೆರಳಿನವರಿಗೆ ನಾಚಿಕೆಯಾಗಬೇಕು. ನಮ್ಮ ಕಡೆ ಡಾಕ್ಟರ್ ಹೆಂಗಸನ್ನು ಬಾಯಾರು ಎಂದೇ ಕರೆಯುವುದು. ಎಪ್ಪತ್ತರ ದಶಕದ ಕೊನೆಗೆ ರಾಯಚೂರಿನ ಅವರ ಸಣ್ಣ ದವಾಖಾನೆಗೆ ನಾನು ನರ್ಸಾಗಿ ಸೇರಿದೆ.

ಕೆಮ್ಮಿದರೆ, ಹೊರೆ ಎತ್ತಿದರೆ ಮೂತ್ರ ಸೋರುವ ಹೆಂಗಸರು ಅವರಲ್ಲಿಗೆ ಬರುತ್ತಿದ್ದರು. ಬಂದವರು ಬಾಯಿ ಬಿಟ್ಟು ಹೇಳುವುದು ಮಾತ್ರ ಸೊಂಟನೋವು. ಬಾಯಾರು ಒಂದೇ ಕೇಳುತ್ತಿದ್ದರು: "ಬಸ್ಸಿನ್ಯಾಗ ಕುಂತು ಬಂದಿ ಏನ್ ನಿಂತು ಬಂದಿ, ಯವ್ವಾ?" ಸೀಟು ಒದ್ದೆಯಾದೀತೆಂದು ನಿಂತೇ ಬಂದವಳ ಕಣ್ಣು ಅಲ್ಲೇ ತುಂಬುತ್ತಿತ್ತು.

ಅಂಥವರಿಗೆ ಹೊಟ್ಟೆಯ ಚರ್ಮದಡಿಯ ಗಟ್ಟಿ ಪದರದಿಂದ ಪಟ್ಟಿ ಕತ್ತರಿಸಿ, ಮೂತ್ರನಾಳದ ಕೆಳಗೆ ಜೋಲಿಯಂತೆ ಕಟ್ಟುತ್ತಿದ್ದರು. "ಸೀರಿ ಗಂಟಿನಷ್ಟು ಬಿಗಿ ಇರಬೇಕು, ದನದ ಕಣ್ಣಿಯಷ್ಟಲ್ಲ" ಎನ್ನುತ್ತಿದ್ದರು.

ದೇವದುರ್ಗದ ಕಡೆಯ ಕುರಿ ಕಾಯುವ ಮನೆಯ ಒಬ್ಬಾಕೆಗೆ ಮಾತ್ರ ಆ ಲೆಕ್ಕ ತಪ್ಪಿತು. ದಿನಾ ಸೊಪ್ಪಿನ ಹೊರೆ ಹೊರುವವಳು ಎಂದು ಬಾಯಾರು ತುಸು ಬಿಗಿಯಾಗಿಯೇ ಕಟ್ಟಿದರು. ಮೂತ್ರ ಹೋಗಲೆಂದು ಹಾಕಿದ್ದ ರಬ್ಬರ್ ನಳಿ ತೆಗೆದ ಮೇಲೆ, ಆಕೆ ಮೂತ್ರಕ್ಕೆ ಹೋಗಿ ಬಂದಾಗ, ಒಳಗೆ ಎಷ್ಟು ಉಳಿದಿದೆ ಎಂದು ಮತ್ತೆ ನಳಿ ಹಾಕಿ ಅಳೆಯುವುದು ನನ್ನ ಕೆಲಸ. "ಛಲೋ ಆತ್ರೀ ಸಿಸ್ಟರ್" ಎಂದು ಆಕೆ ನಕ್ಕಳು. ಆ ನಗುಮುಖ ನಂಬಿ, ಅಳೆಯದೆಯೇ ಕೇಸ್ ಪೇಪರಿನಲ್ಲಿ 'ಸರಿ ಇದೆ' ಎಂದು ಬರೆದೆ.

ತಿಂಗಳ ಮೇಲೆ ಆಕೆ ಮರಳಿ ಬಂದಳು. ಮೈಸುಡುವ ಜ್ವರ, ಕಿಬ್ಬೊಟ್ಟೆ ಗಡಿಗೆಯ ಹಾಗೆ. ಮೊದಲ ದಿನದಿಂದಲೂ ಹನಿ ಹನಿಯೇ ಹೋಗುತ್ತಿದ್ದುದನ್ನು ಮುಚ್ಚಿಟ್ಟು, ಊರಿನಲ್ಲಿ ನೀರು ಕುಡಿಯುವುದನ್ನೇ ಬಿಟ್ಟಿದ್ದಳು.

"ಬಿಚ್ಚಬ್ಯಾಡ್ರಿ ಬಾಯಾರ. ಹತ್ತು ವರ್ಷದ ಮ್ಯಾಲ ಒಣ ಸೀರಿ ಉಟ್ಟೀನಿ. ಬಸ್ಸಿನ್ಯಾಗ ಕುಂತೀನಿ."

ಬಾಯಾರು ಅವಳ ಮಂಚದ ಮೇಲೆಯೇ ಕೂತರು. ಆಕೆಯ ಗಂಡನೂ ನಾನೂ ಪಕ್ಕದಲ್ಲಿದ್ದೆವು.

"ತಪ್ಪು ನಂದದ, ಯವ್ವಾ. ನಾ ಬಿಗಿ ಕಟ್ಟೀನಿ. ಹಿಂಗ ಬಿಟ್ರ ಜೀವಕ್ಕ ಬರ್ತದ. ನಡುವಷ್ಟ ಕತ್ತರಸ್ತೀನಿ, ಪೂರ್ತಿ ತೆಗಿಯಂಗಿಲ್ಲ. ಮತ್ತ ಸೋರಂಗಿಲ್ಲಂತ ಮಾತು ಕೊಡಾಕ ಮಾತ್ರ ನನ್ನ ಕೈಲೆ ಆಗಂಗಿಲ್ಲ."

ಕೇಸ್ ಪೇಪರು ಅವರ ತೊಡೆಯ ಮೇಲಿತ್ತು. ನನ್ನ ಅಕ್ಷರದ ಮೇಲೆ ಅವರ ಕಣ್ಣು ನಿಂತದ್ದು ಕಂಡಿತು. ಅವರು ಪೇಪರನ್ನು ಮಡಚಿ ಬದಿಗಿಟ್ಟರು. ಅಳೆದಿರಲಿಲ್ಲ ಎಂದು ನಾನು ಒಪ್ಪಿಕೊಳ್ಳಲಿಲ್ಲ, ಅಷ್ಟು ಹೇಡಿ.

ಜ್ವರ ಇಳಿಯುವ ತನಕ ನಳಿ ಇಟ್ಟು, ಆಮೇಲೆ ಪಟ್ಟಿಯ ನಟ್ಟನಡುವೆ ಕತ್ತರಿಸಿದರು. ಎರಡೂ ಬದಿ ಮಾಂಸಕ್ಕೆ ಅಂಟಿಕೊಂಡಿದ್ದ ತುದಿಗಳನ್ನು ಮುಟ್ಟಲಿಲ್ಲ. ಸೊಟ್ಟ ಬೆರಳಿನಿಂದ ತಡವಿ ನೋಡಿ "ಸಾಕು" ಅಂದರು.

ಕೆಲವು ದಿನ ಬಿಟ್ಟು ನಳಿ ತೆಗೆದು, ಆಕೆಗೆ ಎರಡು ಚೆಂಬು ನೀರು ಕುಡಿಸಿದೆವು. ಹೊಟ್ಟೆ ತುಂಬಿದ ಮೇಲೆ ಬಾಯಾರು ಆಕೆಯನ್ನು ಬಿಳಿ ಅರಿವೆಯ ಮೇಲೆ ನಿಲ್ಲಿಸಿ "ಕೆಮ್ಮು" ಅಂದರು. ಆಕೆ ಕಣ್ಣು ಮುಚ್ಚಿಕೊಂಡು ಕೆಮ್ಮಿದಳು. ಅರಿವೆ ಒಣಗಿಯೇ ಇತ್ತು. ಮೂತ್ರಕ್ಕೆ ಹೋಗಿ ಬಂದಳು. ನಾನು ಈ ಸಲ ಅಳೆದೆ. ಒಳಗೆ ಉಳಿದದ್ದು ಎರಡೇ ಚಮಚೆ. ತಮ್ಮ ಕೈಯಲ್ಲಿ ಕೆಟ್ಟ ಕೇಸನ್ನು ಹೈದರಾಬಾದಿಗೆ ಸಾಗಹಾಕುವವರೇ ಹೆಚ್ಚಿದ್ದ ಕಾಲ ಅದು. ನಮ್ಮ ಬಾಯಾರು ತಾವು ಕಟ್ಟಿದ್ದನ್ನು ತಾವೇ ನಿಂತು ಸರಿಮಾಡಿದರು. ಅವರ ನರ್ಸು ನಾನು ಎಂದು ಹೇಳಿಕೊಳ್ಳಲು ನನಗೆ ಇಂದಿಗೂ ಹೆಮ್ಮೆ.

ಅವತ್ತು ಸಂಜೆ ತಡೆಯಲಾರದೆ ಹೇಳಿದೆ: "ಬಾಯಾರ, ಮೊದಲನೇ ಸಲ ನಾ ಅಳತಿ ಮಾಡಿದ್ದಿಲ್ರಿ."

"ಗೊತ್ತದ."

"ಮತ್ತ ನನ್ನ ಹೆಸರು ಯಾಕ ಹೇಳಲಿಲ್ರಿ?"

"ಕಟ್ಟಿದಾಕಿ ನಾನು. ಇನ್ನ ನೀನಂತೂ ಜನ್ಮದಾಗ ಅಳತಿ ತಪ್ಪಂಗಿಲ್ಲ. ಅಂಥಾ ನರ್ಸ್ ನನಗ ಎಲ್ಲಿ ಸಿಗಬೇಕು?"

ಎಂಬತ್ತರ ದಶಕದ ಕೊನೆಗೆ ಬಾಯಾರೇ ಹಾಸಿಗೆ ಹಿಡಿದರು. ಮಾನ್ವಿಯ ಮನೆಯಲ್ಲಿ ಅವರಿಗೆ ನಳಿ ಹಾಕಿದವಳು ನಾನು. ಕೊನೆಯ ದಿನ ಬೆಳಿಗ್ಗೆ ಕಣ್ಣು ತೆರೆಯದೆಯೇ ಕೇಳಿದರು: "ರಾತ್ರಿಯಿಂದ ಎಷ್ಟು ಬಂತು?"

'ಛಲೋ ಬಂದದ್ರಿ' ಎನ್ನುವುದು ನಾಲಿಗೆಯ ತುದಿಗೇ ಇತ್ತು. ಗಾಜಿನ ಅಳತೆಪಾತ್ರೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. "ಎರಡು ಚಮಚಿನೂ ಇಲ್ರಿ, ಬಾಯಾರ."

ಮೂತ್ರಪಿಂಡ ಕೆಲಸ ನಿಲ್ಲಿಸಿದೆ ಎಂಬ ಅದರ ಅರ್ಥ ನನಗಿಂತ ಚೆನ್ನಾಗಿ ಅವರಿಗೆ ಗೊತ್ತಿತ್ತು. ಸೊಟ್ಟ ಬೆರಳಿನಿಂದ ನನ್ನ ಅಂಗೈ ತಟ್ಟಿ, "ಭೇಷ್" ಅಂದರು.