ಕಂಪ್ಲಿಯ ಹಳೇ ಕಾರಿಗೆ ಹೊಸ ಬಣ್ಣ

ಹೊಸಪೇಟೆಯಲ್ಲಿ ರೈಲಿಳಿದಾಗ ಬೆಳಿಗ್ಗೆಯೇ ಬಿಸಿಲು ಚುರುಗುಟ್ಟುತ್ತಿತ್ತು. ಆಟೋದವರು "ಹಂಪಿ, ಹಂಪಿ" ಎಂದು ಮುತ್ತಿಕೊಂಡರು. ಕಂಪ್ಲಿಗೆ ಹಳೇ ಕಾರು ನೋಡಲು ಹೊರಟಿದ್ದೇನೆ ಎಂದೆ. "ಹಂಪಿ ಬಿಟ್ಟು ಕಾರ್ ನೋಡಾಕ ಹೊಂಟೀರಿ? ಮಸ್ತ್ ಅದೀರಿ ಬಿಡ್ರಿ" ಎಂದು ಒಬ್ಬ ನಕ್ಕ. ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದು ಬಸ್ಸು ಹತ್ತಿದೆ.

ಈ ಹುಚ್ಚು ನನಗೆ ಮೊದಲಿನಿಂದಲೂ ಇದೆ. ಮನೆಯವರು ಬೈದು ಬೈದು ಸುಮ್ಮನಾಗಿದ್ದಾರೆ. ನಮ್ಮ ದೇಶದಲ್ಲಿ ಕಾರು ತಯಾರಿಕೆ ಶುರುವಾದಾಗ ಬಿಡಿಭಾಗಗಳು ಇಂಗ್ಲೆಂಡಿನಿಂದ ಪೆಟ್ಟಿಗೆಗಳಲ್ಲಿ ಬರುತ್ತಿದ್ದವು, ಇಲ್ಲಿ ಜೋಡಿಸುತ್ತಿದ್ದರು ಅಷ್ಟೆ. ಆಮೇಲೆ ನಮ್ಮವರು ಒಂದೊಂದನ್ನೇ ತಾವೇ ಮಾಡಲು ಕಲಿತರು. ಆ ಕಲಿಕೆಯ ಗುರುತು ಉಳಿದಿರುವುದು ಯಾರೂ ಕೈ ಹಚ್ಚದ ಹಳೇ ಕಾರುಗಳಲ್ಲಿ ಮಾತ್ರ. ಅಂಬಾಸಿಡರ್‌ಗಿಂತಲೂ ಮುಂಚಿನ ಅಂಥದ್ದೊಂದು ಕಾರು ಕಂಪ್ಲಿಯ ಅಕ್ಕಿ ಗಿರಣಿಯ ಮಾಲೀಕ ಬಸವರಾಜಪ್ಪನವರ ಶೆಡ್ಡಿನಲ್ಲಿ, ಅವರ ತಂದೆ ಕೊಂಡಾಗ ಇದ್ದಂತೆಯೇ ಇದೆ ಎಂದು ತಿಳಿದು, ನೋಡಲು ಬರುತ್ತೇನೆಂದು ಹಿಂದಿನ ತಿಂಗಳು ಫೋನ್ ಮಾಡಿದ್ದೆ.

ಕಮಲಾಪುರ ದಾಟಿದ ಮೇಲೆ ರಸ್ತೆಯುದ್ದಕ್ಕೂ ಬಾಳೆ, ಕಬ್ಬು, ಭತ್ತ. ಗಂಟೆಯೊಳಗೆ ಕಂಪ್ಲಿ ಬಂತು.

"ಬರ್ರಿ ಸರ" ಎಂದು ಬಸವರಾಜಪ್ಪ ನೇರ ಶೆಡ್ಡಿಗೇ ಕರೆದೊಯ್ದರು. ಒಳಗೆ ಕಣ್ಣು ಕುಕ್ಕುವ ಕೆಂಪು ಕಾರು. ಹೊಸ ಸೀಟು, ಹೊಸ ದೀಪ, ಹೊಸ ಬಣ್ಣ.

"ನೀವು ಅಷ್ಟು ದೂರದಿಂದ ಬರ್ತೀರಿ, ತುಕ್ಕು ಹಿಡಿದ ಗಾಡಿ ಹೆಂಗ ತೋರಸ್ಲಿ? ಡೀಸೆಲ್ ಎಂಜಿನ್ ಹಾಕಿಸೀನಿ. ಹಳೇ ಸಾಮಾನೆಲ್ಲ ಗುಜರಿಗೆ ಹೋತು. ಇಷ್ಟೊತ್ತಿಗೆ ಯಾವುದೋ ಕುಲುಮ್ಯಾಗ ಕರಗಿರಬೇಕು."

ನನಗೆ ಅಳುವೇ ಬಂತು. ಆ ಮನುಷ್ಯನ ಮುಖ ನೋಡಿ "ಭಾಳ ಚಂದ ಆಗಿದೆ" ಎಂದೆ. ಅವರ ಮನೆಯಲ್ಲಿ ಹೋಳಿಗೆ ಊಟ.

ಸಂಜೆ ಅದೇ ಕಾರಿನಲ್ಲಿ ಹೊಸಪೇಟೆಗೆ ಬಿಡಲು ಹೊರಟರು. ದಾರಿಯಲ್ಲಿ ಹುರುಪಿನಿಂದ ಹೇಳಿದರು: "ಸಂಡೂರಿನಾಗ ನಮ್ಮ ಬೀಗರ ಹತ್ರ ಇಂಥದ್ದೇ ಗಾಡಿ ಐತಿ. ನಿಮ್ಮ ಖುಷಿ ನೋಡಿ ಆಗ್ಲೇ ಫೋನ್ ಮಾಡೀನಿ. ನಾಳೆ ಬಿಚ್ಚಾಕ ಶುರು ಮಾಡ್ತಾರ."

"ಬ್ಯಾಡ್ರಿ!" ಎಂದು ಕೂಗಿಯೇಬಿಟ್ಟೆ. "ನಾನು ನೋಡಬೇಕಾದ್ದೇ ಆ ಹಳೇ ಸಾಮಾನು. ದಯವಿಟ್ಟು ಅವರನ್ನು ತಡೆಯಿರಿ."

ಅವರು ಕಾರನ್ನು ಪಕ್ಕಕ್ಕೆ ಹಾಕಿ ಸಂಡೂರಿಗೆ ಫೋನ್ ಮಾಡಿದರು. "ಗಾಡಿ ಮುಟ್ಟಬ್ಯಾಡ್ರಿ. ಇದ್ದಂಗ ಇರ್ಲಿ" ಎಂದಷ್ಟೇ ಹೇಳಿದರು. ಸಂಡೂರಿನ ಕಾರು ಉಳಿಯಿತು.

ನಿಲ್ದಾಣದ ಮುಂದೆ ಬಸವರಾಜಪ್ಪ ಕಾರು ನಿಲ್ಲಿಸಿದರು. ನಾನು ಇಳಿದ ಮೇಲೆ ಸ್ಟಿಯರಿಂಗ್ ಮೇಲೆ ಕೈಯಿಟ್ಟುಕೊಂಡೇ ಹೇಳಿದರು: "ಈ ಗಾಡಿ ಹಳೇ ಎಂಜಿನ್ ನಮ್ಮಪ್ಪ ತನ್ನ ಕೈಯಾರೆ ಒರಸ್ತಿದ್ನ್ರಿ. ಗುಜರಿಗೆ ಕೊಡಾಕ ನನಗೂ ಮನಸ್ಸಿರ್ಲಿಲ್ಲ. ನೀವು ಬರ್ತೀರಂತ ಕೊಟ್ಟೆ."