ಬಿಟ್ಟಲ್ಲಿಂದಲೇ ಶುರು ಮಾಡುವ ನಾಗವೇಣಿ ಮೇಡಂ

ನಾಗವೇಣಿ ಮೇಡಂ ಜಗಳವನ್ನು ಅರ್ಧಕ್ಕೆ ನಿಲ್ಲಿಸಿ ತರಗತಿಗೆ ಹೋಗುತ್ತಿದ್ದರು. ಪಾಠ ಮುಗಿಸಿ ಬಂದು, ಬಿಟ್ಟ ಮಾತಿನಿಂದಲೇ ಮತ್ತೆ ಶುರು ಮಾಡುತ್ತಿದ್ದರು. ಅಷ್ಟರಲ್ಲಿ ಎದುರಿನವರಿಗೆ ಜಗಳ ಯಾಕೆಂಬುದೇ ಮರೆತಿರುತ್ತಿತ್ತು. ಹೊನ್ನಾಳಿಯ ಒಂದು ಖಾಸಗಿ ಕಾಲೇಜಿನಲ್ಲಿ ಅವರು ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದರು. ಸೈನ್ಯದಿಂದ ನಿವೃತ್ತನಾದ ನಾನು ಕಟ್ಟಡದ ಉಸ್ತುವಾರಿ. ಹಿಡಿದ ಕೆಲಸ ಮುಗಿಸಿಯೇ ಏಳುವವನು. ಅವರ ರೀತಿ ನನಗೆ ಮೊದಲು ಹಿಡಿಸಲಿಲ್ಲ.

"ನಿಲ್ಸಾಕೂ ಒಂದು ರೀತಿ ಐತೆ ಸರ್," ಎನ್ನುತ್ತಿದ್ದರು.

ಕಣ್ಣು ಕಾಣದ ನಮ್ಮ ಇತಿಹಾಸದ ಮೇಷ್ಟ್ರಿಗಾಗಿ, ಕನ್ನಡ ಪುಸ್ತಕಗಳನ್ನು ಗಟ್ಟಿಯಾಗಿ ಓದುವ ತಂತ್ರಾಂಶವೊಂದನ್ನು ಅವರು ಹಳೆಯ ಲಿನಕ್ಸ್ ಯಂತ್ರದಲ್ಲಿ ಕಟ್ಟುತ್ತಿದ್ದರು. ಫೈಲುಗಳನ್ನು ಒಂದೊಂದಾಗಿ ತಯಾರಿಸಿ ಜೋಡಿಸುವ ಈ 'ಬಿಲ್ಡ್' ದಿನಗಟ್ಟಲೆ ನಡೆಯುತ್ತಿತ್ತು. ಸಂಜೆ ಐದಕ್ಕೆ ಕರೆಂಟ್ ಆರಿಸಿ ಬೀಗ ಹಾಕಬೇಕೆಂಬುದು ಕಾಲೇಜಿನ ನಿಯಮ. ಅದಕ್ಕೆ ಮುಂಚೆ ಮೇಡಂ ಕಂಟ್ರೋಲ್-ಸಿ ಒತ್ತಿ ಬಿಲ್ಡಿಗೆ ನಿಲ್ಲಲು ಹೇಳಿ, ಅದು ತಾನಾಗಿ ನಿಲ್ಲುವತನಕ ಕಾಯುತ್ತಿದ್ದರು.

"ಹಿಂಗೆ ನಿಲ್ಸಿದ್ರೆ ಕೈಯಾಗಿನ ಅರ್ಧ ಫೈಲನ್ನ ಅದೇ ಅಳಿಸ್ತೈತೆ. ನಾಳೆ ಮುಗಿದದ್ದನ್ನ ಮುಟ್ಟದಂಗೆ ಉಳಿದದ್ದಷ್ಟೇ ಮಾಡ್ತೈತೆ."

ಈ ಕೆಲಸದ ಮೇಲೆಯೇ ಅವರ ನೌಕರಿ ನಿಂತಿತ್ತು. ಸಭೆಯಲ್ಲಿ ಯಂತ್ರದ ಓದನ್ನು ಕೇಳಿದ ಮೇಲೆಯೇ ಅವರನ್ನು ಮುಂದಿನ ವರ್ಷಕ್ಕೆ ಉಳಿಸಿಕೊಳ್ಳುವ ಮಾತು ಎಂದು ಆಡಳಿತ ಮಂಡಳಿಯವರು ಹೇಳಿದ್ದರು. ಆ ಸಭೆಯ ಹಿಂದಿನ ಸಂಜೆ ಮಂಡಳಿಯ ಕಾರ್ಯದರ್ಶಿ ಬಂದವರೇ ಮೇನ್ ಸ್ವಿಚ್ಚಿಗೆ ಕೈ ಹಾಕಿದರು.

"ಒಂದ್ನಿಮಿಷ ರೀ!"

"ಐದು ಅಂದ್ರೆ ಐದು ಕಣಮ್ಮಾ. ಕರೆಂಟೇನು ನಿಮ್ಮಪ್ಪನ ಮನೇದಾ?"

ಬಿಲ್ಡ್ ಇನ್ನೂ ನಿಲ್ಲುವ ಮೊದಲೇ ಆರಿಸಿಯೇಬಿಟ್ಟರು.

ಬೆಳಿಗ್ಗೆ ಮೇಡಂ ಉಳಿದದ್ದನ್ನು ಮುಗಿಸುವಷ್ಟರಲ್ಲಿ ಸಭೆ ಕೂಡಿತ್ತು, ಪರೀಕ್ಷಿಸಲು ಹೊತ್ತಿರಲಿಲ್ಲ. ಯಂತ್ರ ಒಂದು ಸಾಲು ಓದಿ ಮೂಕವಾಯಿತು. ಮೇಡಂ ಕೂಡಲೇ ಕಂಡುಹಿಡಿದರು.

"ನಿನ್ನೆ ಕರೆಂಟ್ ಹೋದಾಗ ಧ್ವನಿ ಫೈಲು ಅರ್ಧ ಆಗೈತೆ. ಪೂರಾ ಆಗೈತೆ ಅಂತ ನಂಬ್ಕಂಡು ಮಿಷನ್ನು ಅದನ್ನ ಬಿಟ್ಟೈತೆ. ಅದೊಂದನ್ನ ಅಳಿಸಿ ಮತ್ತೆ ಮಾಡಾಕೆ ಅರ್ಧ ಗಂಟೆ ಕೊಡ್ರಿ."

"ಬರೀ ಸಬೂಬು," ಎಂದರು ಕಾರ್ಯದರ್ಶಿ.

ಅರ್ಧ ಗಂಟೆ! ಅದಕ್ಕಿಂತ ಹೆಚ್ಚು ಹೊತ್ತು ಮಂಡಳಿಯವರೆಲ್ಲ ಕೂತು ಮಂಡಕ್ಕಿ ಮೆಣಸಿನಕಾಯಿ ತಿಂದರು. ಸ್ವಿಚ್ ಇಳಿಸಿದವರು ನೀವೇ ಎಂದು ಕಾರ್ಯದರ್ಶಿಗೆ ಎದುರಿಗೇ ಹೇಳಿದೆ. "ಮಿಲಿಟ್ರಿಯವ್ರು ನೀವು, ಶಿಸ್ತು ನಿಮಗೆ ಹೇಳ್ಬೇಕೇನ್ರೀ?" ಎಂದು ನಕ್ಕರು. ಹೊತ್ತಿಗೆ ಬೀಗ ಹಾಕುವುದು ಶಿಸ್ತು, ನಿಜ. ಒಳಗೆ ಯಾರಿದ್ದಾರೆಂದು ನೋಡಿ ಬೀಗ ಹಾಕುವುದು ಅದಕ್ಕೂ ಮೊದಲಿನ ಶಿಸ್ತು. ಅದನ್ನು ಇವರಿಗೆ ಯಾರೂ ಕಲಿಸಲಿಲ್ಲ.

ಆ ವಾರವೇ ಮೇಡಂ ಅವರನ್ನು ಕೆಲಸದಿಂದ ಬಿಡಿಸಿದರು. ಜಗಳೂರಿನ ತವರಿಗೆ ಹೊರಟವರನ್ನು ಬಸ್ ನಿಲ್ದಾಣದಲ್ಲಿ ಕಂಡೆ. ಕಿಟಕಿಯಿಂದ ಬಗ್ಗಿ, "ಆ ಮಿಷನ್ನಾಗಿಂದು ಏನೂ ಅಳಿಸಾಕೆ ಬಿಡಬ್ಯಾಡ್ರಿ ಸರ್. ಅರ್ಧ ಗಂಟೆ ಕೆಲಸ ಅಷ್ಟೇ ಐತೆ," ಎಂದರು.

ಅವರು ಮತ್ತೆ ಬಂದಿಲ್ಲ. ಇತಿಹಾಸದ ಮೇಷ್ಟ್ರು ಮಾತ್ರ ಆಗಾಗ ಬಂದು ಆ ಒಂದು ಸಾಲನ್ನೇ ಕೇಳಿ ಹೋಗುತ್ತಾರೆ. ಯಂತ್ರವನ್ನು ಬೀರುವಿನಲ್ಲಿಟ್ಟಿದ್ದೇನೆ, ಕೀಲಿ ನನ್ನ ಜೇಬಿನಲ್ಲಿದೆ. ಎಲ್ಲ ಅಳಿಸಿ ಆಫೀಸಿಗೆ ಬಳಸೋಣವೆಂದು ಕಾರ್ಯದರ್ಶಿ ಕೀಲಿ ಕೇಳಲು ಬರುತ್ತಾರೆ. ಅವರು ಯಾವ ಹೊತ್ತಿಗೆ ಬಂದರೂ ನನ್ನದು ಒಂದೇ ಉತ್ತರ:

"ಐದಾಯ್ತಲ್ರೀ."