ನನ್ನ ವರ್ಗಾವಣೆಯ ಅರ್ಜಿ

ಯೂನಿವರ್ಸಿಟಿಯ ಬಿಸಿನೆಸ್ ಸ್ಕೂಲು ನನ್ನನ್ನು ಸೇರಿಸಿಕೊಳ್ಳುವುದಿಲ್ಲ ಎಂದು ಬಂದ ಇಮೇಲನ್ನು ನಮ್ಮ ಮನೆಯಲ್ಲಿ ಮೆಚ್ಚಿಕೊಂಡು ಓದಿದವರು ಅಪ್ಪ ಒಬ್ಬರೇ.

"ಭಾಳ ಚಲೋ ಡ್ರಾಫ್ಟ್ ಮಾಡ್ಯಾರ ನೋಡವಾ," ಎಂದರು. "ಒಂದ್ ಕಡೆನೂ ಸಿಕ್ಕೊಂಡಿಲ್ಲ."

ಹಾಗೆ ಹೇಳುವ ಯೋಗ್ಯತೆ ಅವರಿಗಿತ್ತು. ಕೆನಡಾಕ್ಕೆ ಬರುವ ಮುಂಚೆ ಅವರು ಉತ್ತರ ಕರ್ನಾಟಕದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಶಾಲಾ ಶಿಕ್ಷಕರ ವರ್ಗಾವಣೆಯ ಅರ್ಜಿಗಳು ಅವರ ಮೇಜಿಗೆ ಬರುತ್ತಿದ್ದವು. ಆಗುವುದಿಲ್ಲ ಎಂಬುದನ್ನು ಮರ್ಯಾದೆಯಿಂದ ತಿಳಿಸುವ ಹಿಂಬರಹ ಬರೆಯುವುದರಲ್ಲಿ ಅವರದು ಪಳಗಿದ ಕೈ. ನರ್ಸ್ ಆಗಿದ್ದ ಅವ್ವನ ಹಿಂದೆ ನಾವೆಲ್ಲ ಇಲ್ಲಿನ ಮಿಸ್ಸಿಸಾಗಾ ಊರಿಗೆ ಬಂದ ಮೇಲೆ ಅಪ್ಪ ಪಕ್ಕದ ಓಕ್‌ವಿಲ್‌ನ ಒಂದು ಆಫೀಸು ಕಟ್ಟಡದ ಸೆಕ್ಯುರಿಟಿ ಡೆಸ್ಕಿನಲ್ಲಿ ಕೂತರು. ಅಲ್ಲಿ ಬರೆಯುವುದಕ್ಕೆ ಬಂದುಹೋಗುವವರ ಹೆಸರು ಬಿಟ್ಟರೆ ಬೇರೇನೂ ಇರಲಿಲ್ಲ.

ನಾನು ಅದೇ ಯೂನಿವರ್ಸಿಟಿಯಲ್ಲಿ ಎಕನಾಮಿಕ್ಸ್ ಮೊದಲ ವರ್ಷ ಮುಗಿಸಿ, ಎರಡನೇ ವರ್ಷಕ್ಕೆ ಬಿಸಿನೆಸ್ ಸ್ಕೂಲಿಗೆ ವರ್ಗಾವಣೆ ಕೇಳಿ ಅರ್ಜಿ ಹಾಕಿದ್ದೆ. ನಮ್ಮ ಕಟ್ಟಡದಿಂದ ಬಿಸಿನೆಸ್ ಸ್ಕೂಲಿಗೆ ನೂರು ಹೆಜ್ಜೆ. ಅದರ ಕೆಫೆಯಲ್ಲಿ ಕಾಫಿ ಕುಡಿಯುವುದಕ್ಕೆ ಯಾವ ಅರ್ಹತೆಯೂ ಬೇಕಿರಲಿಲ್ಲವಾದ್ದರಿಂದ ವರ್ಷವಿಡೀ ಅಲ್ಲೇ ಕೂತು ಓದಿದೆ. ಕೋಟು ಹಾಕಿಕೊಂಡು ಪ್ರೆಸೆಂಟೇಶನ್ನಿಗೆ ಓಡುವವರನ್ನು ನೋಡುತ್ತಾ, ಬರುವ ಸೆಪ್ಟೆಂಬರಿಗೆ ನಾನೂ ಇವರಲ್ಲೊಬ್ಬಳು ಎಂದುಕೊಳ್ಳುತ್ತಿದ್ದೆ. ಎಂದುಕೊಂಡು ಸುಮ್ಮನಿದ್ದರೆ ಚೆನ್ನಾಗಿತ್ತು, ಕಂಡಕಂಡವರಿಗೆಲ್ಲ ಹೇಳಿಕೊಂಡೂ ಬಿಟ್ಟಿದ್ದೆ. ಬಿಸಿನೆಸ್ ಸ್ಕೂಲಿನವರು ಕೇಳಿದ್ದಕ್ಕಿಂತ ನನಗೆ ನಾಲ್ಕು ಮಾರ್ಕು ಜಾಸ್ತಿಯೇ ಇತ್ತು. ಈ ವರ್ಷ ಸ್ಪರ್ಧೆ ಅಸಾಧಾರಣವಾಗಿತ್ತು ಎಂದು ಇಮೇಲು ಹೇಳಿತು. ಪ್ರತಿ ವರ್ಷವೂ ಅಸಾಧಾರಣವಾಗಿಯೇ ಇರುತ್ತದೆ ಎಂದು ಆಮೇಲೆ ಒಬ್ಬ ಸೀನಿಯರ್ ಹೇಳಿದಳು.

ಎರಡು ದಿನ ಅತ್ತೆ. ಸೀಟು ಹೋದ ದುಃಖ ಅರ್ಧ, ಹೇಳಿಕೊಂಡವರಿಗೆಲ್ಲ ಈಗೇನು ಹೇಳಲಿ ಎಂಬ ನಾಚಿಕೆ ಅರ್ಧ. ಶಿಫ್ಟು ಮುಗಿಸಿ ಬಂದ ಅವ್ವ, "ಎಕನಾಮಿಕ್ಸ್ ಏನ್ ಕೆಟ್ಟದ್ದ? ಸುಮ್ನ ಊಟ ಮಾಡು," ಎಂದಳು. ಅಪ್ಪ ಮಾತ್ರ ಪೆನ್ನು ತೆಗೆದರು.

"ಅಪೀಲ್ ಹಾಕೂಣು."

"ಅಪ್ಪಾ, ಡಿಸಿಷನ್ ಫೈನಲ್ ಅಂತ ಬರದಾರ."

"ನಾವೂ ಹಂಗ ಬರೀತಿದ್ವಿ. ಅದನ್ನ ಓದಿನೂ ಬರೋರು ಬರ್ತಿದ್ರು."

ಅವರು ಬರೆದದ್ದು ಇಂಗ್ಲಿಷಿನಲ್ಲೇ, ಆದರೆ ಅದು ಅಪ್ಪಟ ಕನ್ನಡದ ಅರ್ಜಿ. ವಿಷಯ, ಉಲ್ಲೇಖ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ನಮ್ರ ವಿನಂತಿ, ಎಲ್ಲವೂ ಇತ್ತು. ಐದನೇ ಗ್ರೇಡಿನ ನನ್ನ ಈಜಿನ ಸರ್ಟಿಫಿಕೇಟೂ ಸೇರಿ ಒಂಬತ್ತು ಲಗತ್ತುಗಳು. ನನಗೆ ನಗು ಬಂತು. ಆದರೂ ಸಹಿ ಹಾಕಿದೆ. ಬಿಸಿನೆಸ್ ಸ್ಕೂಲಿನೊಳಗೆ ಬರೀ ಕಾಫಿ ಕುಡಿಯುವವಳಾಗಿಯಲ್ಲ, ಓದುವವಳಾಗಿ ಹೋಗಬೇಕೆಂಬ ಆಸೆ ನನಗೆ ಅಷ್ಟಿತ್ತು.

ಅಪ್ಪ ಒಂದು ದಿನ ರಜಾ ಹಾಕಿ, ಸಿಟಿಜನ್‌ಶಿಪ್ ಪ್ರಮಾಣವಚನಕ್ಕೆ ಹೊಲಿಸಿದ್ದ ಕೋಟು ತೊಟ್ಟು ನನ್ನ ಜೊತೆ ಬಿಸಿನೆಸ್ ಸ್ಕೂಲಿನ ಅಡ್ಮಿಷನ್ ಆಫೀಸಿಗೆ ಬಂದರು. ಕೌಂಟರಿನಲ್ಲಿದ್ದ ಹೆಂಗಸು ಬಹಳ ಒಳ್ಳೆಯವಳು, ಜಗಳವಾಡಲೂ ಆಸ್ಪದ ಕೊಡಲಿಲ್ಲ. ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ, ತೀರ್ಮಾನ ನಮ್ಮ ಕೈಯಲ್ಲಿಲ್ಲ, ಎಲ್ಲ ಕಮಿಟಿಯದು ಎಂದಳು. ಕಮಿಟಿಯವರನ್ನು ನೋಡಬಹುದೇ ಎಂದು ಅಪ್ಪ ಕೇಳಿದರು. ಅವರು ಯಾರನ್ನೂ ಭೇಟಿಯಾಗುವುದಿಲ್ಲವಂತೆ. ಪತ್ರವನ್ನು ಫೈಲಿಗೆ ಸೇರಿಸುತ್ತೇನೆ ಎಂದು ಎರಡೂ ಕೈಯಿಂದ ತೆಗೆದುಕೊಂಡು, ಪಕ್ಕದ ಟ್ರೇಯಲ್ಲಿ ಇನ್ನಷ್ಟು ಕಾಗದಗಳ ಮೇಲೆ ಇಟ್ಟಳು. ಅಪ್ಪ ಆ ಟ್ರೇಯನ್ನೇ ನೋಡುತ್ತಾ ನಿಂತರು. ನಾನು ತೋಳು ಹಿಡಿದು ಎಳೆಯಬೇಕಾಯಿತು.

ಹೊರಗೆ ಬೆಂಚಿನ ಮೇಲೆ ಕೂತಾಗ ನನ್ನ ಸಿಟ್ಟೆಲ್ಲ ಆ ಹೆಂಗಸಿನ ಮೇಲೆ ತಿರುಗಿತು. "ಕಮಿಟಿ ಅಂತ! ಆಕಿ ಸುಳ್ಳ ಹೇಳಿದ್ಲು."

"ಇಲ್ಲವಾ. ಆಕಿ ಖರೇನ ಹೇಳಿರಬೇಕು," ಎಂದರು ಅಪ್ಪ. ನಾನು ಕೇಳದೆಯೇ ಮುಂದುವರಿಸಿದರು. "ಒಬ್ಬಾಕಿ ಟೀಚರ್ ಬರ್ತಿದ್ಲು ನನ್ನ ಹತ್ರ. ಕೂಸಿಗೆ ಆರಾಮ ಇರಲಿಲ್ಲ. ದವಾಖಾನಿ ಇರೋ ಊರಾಗ ಒಂದ್ ಸಾಲಿ ಕೊಡ್ರೀ ಅಂತಿದ್ಲು. ಮೂರು ವರ್ಷ ಬಂದ್ಲು. ಮೂರೂ ಸಲ, ಮ್ಯಾಲಿನವರು ಒಪ್ಪಲಿಲ್ಲ ಅಂತ ಬರದು ಕೊಟ್ಟೆ."

"ಯಾಕ ಒಪ್ಪಲಿಲ್ಲ ಅವರು?"

"ಅವರ ತನಕ ಹೋದ್ರಲ್ಲ ಒಪ್ಪೋದು. ಫೈಲು ನನ್ನ ಡ್ರಾದಾಗನ ಇತ್ತು. ಒಂದ್ ಕಾಗದ ಕಮ್ಮಿ ಇತ್ತವಾ. ಆಕಿಗೆ ಅದನ್ನ ಹೇಳಿ, ತರಿಸಿ, ಮತ್ತ ಫೈಲ್ ಕಟ್ಟಿ ಕಳಸೋದಕ್ಕ ನನಗ ಬ್ಯಾಸರ ಬಂತು. ಹಿಂಬರಹ ಬರಿಯೋದು ಸಲೀಸಿತ್ತು."

ಅಪ್ಪನ ಮೇಲೆ ನನಗೆ ಸಿಟ್ಟು ಬಂತು. ಕಾಣದ ಕಮಿಟಿಯ ಮೇಲೆ ಎರಡು ವಾರದಿಂದ ಇಟ್ಟುಕೊಂಡಿದ್ದ ಸಿಟ್ಟೇ ಅದು. ಈಗ ಅದಕ್ಕೊಂದು ಮುಖ ಸಿಕ್ಕಿತ್ತು, ಆ ಮುಖ ನನಗಾಗಿ ಒಂಬತ್ತು ಲಗತ್ತು ಜೋಡಿಸಿಕೊಂಡು ಬಂದು ನನ್ನ ಪಕ್ಕದಲ್ಲೇ ಕೂತಿತ್ತು.

"ಆಮ್ಯಾಲರ ಆಕಿಗೆ ವರ್ಗ ಆತೇನು?" ಎಂದು ಕೇಳಿದೆ.

ಅಪ್ಪ ಕೋಟಿನ ಗುಂಡಿ ಬಿಚ್ಚಿದರು.

"ಗೊತ್ತಿಲ್ಲವಾ. ಅಷ್ಟರಾಗ ನಾವು ಕೆನಡಾಕ್ಕ ಬಂದ್ವಿ."